ಅಂಟಿಸಿದ ಅಪ್ಪ

ಮಕ್ಕಳ ಮನಸ್ಸಿನ ಆರೈಕೆ ಕೇಂದ್ರದ ದೊಡ್ಡ ಮೇಡಂ ಆ ತಿಂಗಳ ಮೊದಲ ಸೋಮವಾರ ಎಲ್ಲರನ್ನೂ ಸಭೆಗೆ ಕರೆದು, ಕನ್ನಡಕ ಹಣೆಗೇರಿಸಿಕೊಂಡು, ತಿಂಗಳ ಕೊನೆಯೊಳಗೆ ಎಲ್ಲ ಕುಟುಂಬಗಳೂ ಗುಣವಾಗಿರಬೇಕು ಎಂದು ಅಪ್ಪಣೆ ಕೊಟ್ಟರು. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಫೈಲುಗಳು ಮುಗಿದಿರಬೇಕು ಎಂದರು. ಅಷ್ಟರಮಟ್ಟಿಗೆ ನಾಚಿಕೆ ಉಳಿದಿತ್ತು.

ಕಣ್ಣೆದುರೇ ಅನಾಹುತ ಕಂಡ ಎಳೆಯ ಮಕ್ಕಳಿಗೆ, ತಂದೆತಾಯಿಯನ್ನೂ ಜೊತೆಗೆ ಕೂರಿಸಿಕೊಂಡು ಕೊಡುವ ಚಿಕಿತ್ಸೆಯೊಂದನ್ನು ಕೇಂದ್ರದವರಿಗೆ ಕಲಿಸಿ, ಅದು ಅಲ್ಲೇ ನೆಲೆನಿಲ್ಲುವಂತೆ ಮಾಡುವ ಯೋಜನೆ ಅದು. ಹದಿನೆಂಟು ತಿಂಗಳು ನಡೆದು ಈಗ ಮುಗಿಯುತ್ತಾ ಬಂದಿತ್ತು. ಕಲಿಸಲು ಹೊರಗಿನಿಂದ ಬಂದಿದ್ದವರು ತಲೆ ನರೆತ, ಮಂಡಿನೋವಿನ ಒಬ್ಬ ಹೆಂಗಸು. ಆ ನೋವಿನಲ್ಲೂ ನೆಲದ ಮೇಲೆ ಕೂತೇ ಪಾಠ ಹೇಳಿದವರು. ವಿಧಾನ ಕೇಳುವುದಕ್ಕೆ ಸುಲಭ. ಮಗು, ತಾಯಿ, ಕೌನ್ಸೆಲರ್ ಮೂವರೂ ವಾರಕ್ಕೊಮ್ಮೆ ಅದೇ ಹೊತ್ತಿಗೆ ನೆಲದ ಮೇಲೆ ಕೂರಬೇಕು. ಅದೇ ಆಟಿಕೆಗಳಿರಬೇಕು. ಬಾಯಲ್ಲಿ ಹೇಳಲಾಗದ್ದನ್ನು ಮಗು ಗೊಂಬೆ ಹಿಡಿದು ಆಡಿ ತೋರಿಸುತ್ತದೆ. ತಾಯಿ ಅದನ್ನು ನೋಡಿ ತಡೆದುಕೊಳ್ಳಬೇಕು, ಆಮೇಲೆ ನಿಜ ಹೇಳಬೇಕು. ಆ ಹೊತ್ತಿನಲ್ಲಿ ಇಬ್ಬರೂ ಒಂಟಿಯಾಗದ ಹಾಗೆ ನೋಡಿಕೊಳ್ಳುವುದಷ್ಟೇ ಕೌನ್ಸೆಲರ್ ಕೆಲಸ. ದೊಡ್ಡ ಮೇಡಂ ಈ ಹದಿನೆಂಟು ತಿಂಗಳಲ್ಲಿ ಒಂದು ಸಲವೂ ಆ ನೆಲದ ಮೇಲೆ ಕೂತವರಲ್ಲ. ಬಟ್ಟೆಯ ಇಸ್ತ್ರಿ ಕೆಡುತ್ತದೆ.

ಇದನ್ನೆಲ್ಲ ಕಿರಿಯ ಕೌನ್ಸೆಲರ್ ಸಭೆಯ ಕೊನೆಯ ಕುರ್ಚಿಯಲ್ಲಿ ಕೂತು ಮನಸ್ಸಿನಲ್ಲೇ ಹೇಳಿಕೊಂಡಳು. ಅವಳು ಎಲ್ಲವನ್ನೂ ಮನಸ್ಸಿನಲ್ಲೇ ಹೇಳಿಕೊಳ್ಳುವವಳು. ಬಾಯಿ ಬಿಟ್ಟರೂ ಪಕ್ಕದ ಕುರ್ಚಿಗೆ ಕೇಳದಷ್ಟು ಮೆಲ್ಲಗೆ ಮಾತಾಡುತ್ತಿದ್ದುದರಿಂದ ಕೇಂದ್ರದಲ್ಲಿ ಅವಳಿಗೆ ಪಿಸುಮಾತು ಎಂದೇ ಹೆಸರು ಬಿದ್ದಿತ್ತು. ಪಾಪದ ಹುಡುಗಿ, ಮೆತ್ತನೆ ಸ್ವಭಾವ ಎಂದು ಎಲ್ಲರ ಲೆಕ್ಕಾಚಾರ. ತಗ್ಗಿಸಿದ ಆ ತಲೆಯೊಳಗೆ ಒಬ್ಬೊಬ್ಬರ ನೀರಿಳಿಸುವ ಮಾತುಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ನಾಲಗೆಯ ತುದಿಯವರೆಗೆ ಬಂದು, ಅಲ್ಲಿ ಯಾರೋ ದೊಡ್ಡವರು ಕೂತಿದ್ದಾರೆಂಬಂತೆ ಹಿಂದಕ್ಕೆ ಹೋಗುತ್ತಿದ್ದವು. ಆದ್ದರಿಂದ ಅವಳ ತಿರಸ್ಕಾರದಲ್ಲಿ ಒಂದು ಒಳ್ಳೆಯ ಪಾಲು ಅವಳಿಗೇ ಮೀಸಲಾಗಿತ್ತು.

ಚಿಕಿತ್ಸೆಯನ್ನು ಉಳಿಸಬೇಕೆಂದು ದೊಡ್ಡ ಮೇಡಂ ಏನೇನು ಮಾಡಿರಲಿಲ್ಲ? ಎಂಟು ಕೌನ್ಸೆಲರ್‌ಗಳಲ್ಲಿ ಆರು ಜನರನ್ನು ಚಿಕಿತ್ಸೆಯಿಂದ ಬಿಡಿಸಿ, ಅದನ್ನು ಉಳಿಸುವ ಬಗ್ಗೆ ವರದಿ ಬರೆಯಲು ಕೂರಿಸಿದ್ದರು. ಇಂಥ ಕೆಲಸದಲ್ಲಿ ಕೇಳಿದ್ದೆಲ್ಲ ಎದೆಯೊಳಗೇ ಉಳಿದುಬಿಡುತ್ತದೆಂದು, ವಾರಕ್ಕೊಂದು ಗಂಟೆ ಎಲ್ಲರೂ ಕೂತು ಮಾತಾಡಿಕೊಳ್ಳುವ ರೂಢಿಯನ್ನು ತರಬೇತಿಯವರು ಹಾಕಿಕೊಟ್ಟು ಹೋಗಿದ್ದರು. ಆ ಗಂಟೆಯನ್ನು ಕಾಪಾಡುವುದು ಹೇಗೆ ಎಂದು ಚರ್ಚಿಸುವ ಸಮಿತಿ ಈಗ ಅದೇ ಗಂಟೆಯಲ್ಲಿ ಸೇರುತ್ತಿತ್ತು. ಗೋಡೆಯ ಮೇಲೆ ಒಂದು ಮರದ ಚಿತ್ರ ಬರೆಸಿದ್ದರು. ಬೇರಿನಲ್ಲಿ ಒಂದೊಂದು ಸಮಿತಿಯ ಹೆಸರು, ಕಾಂಡದಲ್ಲಿ ಮೇಡಂ ಹೆಸರು. ಮಕ್ಕಳಿಗೆ ಜಾಗ ಸಾಲದೆ, ಎಲೆಗಳೇ ಮಕ್ಕಳು ಎಂದು ಬಾಯಲ್ಲಿ ವಿವರಿಸುತ್ತಿದ್ದರು.

ಪಿಸುಮಾತಿಗೆ ಆಗ ಉಳಿದಿದ್ದ ಕುಟುಂಬ ಒಂದೇ. ಇಸ್ತ್ರಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಒಬ್ಬ ಹೆಂಗಸು ಮತ್ತು ಅವಳ ನಾಲ್ಕೂವರೆ ವರ್ಷದ ಮಗಳು. ಮಗಳನ್ನು ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ಗಂಡ ಕಟ್ಟಡಗಳಿಗೆ ಬಣ್ಣ ಬಳಿಯುವವನು. ಒಂದು ಮಧ್ಯಾಹ್ನ ತಾಯಿ ಮಗಳು ಅವನಿಗೆ ಊಟದ ಡಬ್ಬಿ ಒಯ್ದಿದ್ದರು. ಅವನು ಮೂರನೆಯ ಮಹಡಿಯ ಎತ್ತರದಲ್ಲಿ, ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲಿದ್ದ. ಪುಟ್ಟಿ ಕೆಳಗಿನಿಂದ ಅಪ್ಪಾ ಎಂದು ಕೂಗಿದಳು, ಅವನು ತಿರುಗಿ ಕೈ ಬೀಸಿದ, ಹಗ್ಗ ಹರಿಯಿತು. ಮಗು ಎಲ್ಲವನ್ನೂ ನೋಡಿದೆ. ಆದರೂ ಅಜ್ಜಿ, ಅತ್ತೆ, ಚಿಕ್ಕಪ್ಪ ಎಲ್ಲರೂ ತಲೆಗೆ ತಲೆ ಸೇರಿಸಿ, ಅಪ್ಪ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾರೆ ಎಂದು ಹೇಳುವುದೆಂದು ತೀರ್ಮಾನಿಸಿದರು. ಕಣ್ಣಾರೆ ಕಂಡ ಮಗುವಿಗೆ ಕಾಣದವರು ಬಂದು ಹೇಳಿದ ಕಥೆ. ಪುಟ್ಟಿ ಹೂಂ ಎಂದಳು, ಅಂದಿನಿಂದ ಹಾಸಿಗೆ ಒದ್ದೆ ಮಾಡಿಕೊಳ್ಳತೊಡಗಿದಳು, ತಾಯಿ ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಕಾದು ಕೂರುತ್ತಿದ್ದಳು.

ಹನ್ನೊಂದು ಗುರುವಾರಗಳಿಂದ ಅವಳ ಆಟ ಒಂದೇ. ಗೊಂಬೆಮನೆಯ ಮಾಡಿನ ಮೇಲೆ ಅಪ್ಪನ ಗೊಂಬೆ. ಕೆಳಗೆ ಹುಡುಗಿ ಗೊಂಬೆ. ಅಪ್ಪ ಬೀಳುತ್ತಾನೆ, ಆಂಬುಲೆನ್ಸ್ ಬಂದು ಅವನನ್ನು ಮೇಜಿನ ಕೆಳಗೆ ಒಯ್ಯುತ್ತದೆ. ಪ್ರತಿಸಲವೂ ಆಂಬುಲೆನ್ಸ್ ಮೇಜು ಮುಟ್ಟುವ ಮೊದಲೇ ತಾಯಿ, ಅಪ್ಪ ಕೆಲಸಕ್ಕೆ ಹೋದ್ರು ಅಲ್ವಾ ಪುಟ್ಟಿ, ಎಂದು ನಡುವೆ ಬಾಯಿ ಹಾಕುತ್ತಿದ್ದಳು. ಬೀಳಿಸುವ ಮುನ್ನ ಮಗು ಹುಡುಗಿ ಗೊಂಬೆಯ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚುವುದನ್ನು ಪಿಸುಮಾತು ಏಳನೆಯ ವಾರವೇ ಕಂಡಿದ್ದಳು. ತಾಯಿ ಕಂಡಿರಲಿಲ್ಲ.

ಹನ್ನೊಂದನೆಯ ವಾರ ಅವಳೂ ಕಂಡಳು. ಆಟ ಮುಗಿದ ಮೇಲೆ ವರಾಂಡದಲ್ಲಿ ಮಗಳಿಗೆ ಚಪ್ಪಲಿ ತೊಡಿಸುತ್ತಾ, ತಲೆಯೆತ್ತದೆ ಹೇಳಿದಳು.

"ಬರೋ ಗುರುವಾರ ಹೇಳಿಬಿಡ್ತೀನಿ ಮೇಡಂ. ನಮ್ಮತ್ತೆ ಮನೆಯಿಂದ ಓಡಿಸಿದ್ರೂ ಸರಿ. ಆದ್ರೆ ಹೇಳಿದ್ಮೇಲೆ ಇವಳು ಒಂದೊಂದೇ ಕೇಳೋಕೆ ಶುರು ಮಾಡ್ತಾಳೆ. ಅವತ್ತೇ ನಮ್ಮ ಕೈ ಬಿಟ್ಟುಬಿಡ್ತೀರಾ?"

"ಬಿಡಲ್ಲ ಅಕ್ಕ," ಎಂದಳು ಪಿಸುಮಾತು. ಹೇಳಿದ ಮೇಲೆ ಇನ್ನೂ ಎಂಟು ವಾರವಾದರೂ ಬೇಕು, ಎಂಟೂ ವಾರ ಸಿಗುತ್ತೇನೆ ಎಂದಳು. ಹಾಗೆ ಮಾತು ಕೊಡುವ ಅಧಿಕಾರ ಅವಳಿಗಿರಲಿಲ್ಲ.

ಅಧಿಕಾರ ಕೇಳಿಕೊಂಡು ದೊಡ್ಡ ಮೇಡಂ ಕೋಣೆಗೆ ಹೋದಳು. ಮೇಡಂ ಆಗ ಬರಲಿದ್ದ ಪರಿಶೀಲನಾ ಸಮಿತಿಗೆ ಹಂಚುವ ಪುಸ್ತಿಕೆಯ ಹೊದಿಕೆಗೆ ಹಸಿರಿನಲ್ಲಿ ಯಾವ ಹಸಿರು ಎಂದು ಯೋಚಿಸುತ್ತಿದ್ದರು. ಇವಳು ಮೂರು ಸಲ ಹೇಳಿದ ಮೇಲೆ ಮಾತು ಕಿವಿಗೆ ಬಿತ್ತು. ಉಳಿದ ನಲವತ್ತು ಫೈಲುಗಳೂ ಮುಗಿದಿವೆ, ಇದೊಂದು ಉಳಿದರೆ ನೂರಕ್ಕೆ ನೂರು ಎಂದು ಬರೆಯುವ ಹಾಗಿಲ್ಲ ಎಂದರು. ಮಗು ಇನ್ನೂ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದೆ ಎಂದು ಪಿಸುಮಾತು ಹೇಳಿದಳು. ಮಕ್ಕಳೆಂದ ಮೇಲೆ ಅದೆಲ್ಲ ಇದ್ದದ್ದೇ ಎಂದರು ಮೇಡಂ, ಮಕ್ಕಳ ಮನಸ್ಸಿನ ಆರೈಕೆ ಕೇಂದ್ರದ ಮುಖ್ಯಸ್ಥರು.

"ನೋಡಮ್ಮಾ, ನೀನು ಒಂದು ಕುಟುಂಬ ನೋಡ್ತಿದ್ದೀಯ. ನಾನು ನೂರು ವರ್ಷ ನೋಡ್ತಿದ್ದೀನಿ. ಸಮಿತಿ ಬರೋ ಗುರುವಾರ ಬರುತ್ತೆ, ಅವತ್ತೇ ಮುಗಿಸಿ ಸಹಿ ಹಾಕಿಬಿಡು."

ಪಿಸುಮಾತು ಹೂಂ ಎಂದಳೋ ಊಹೂಂ ಎಂದಳೋ ಅವಳಿಗೇ ತಿಳಿಯಲಿಲ್ಲ. ಹೊರಗೆ ಬಂದು, ಮೇಡಂಗೆ ಹೇಳಬಹುದಾಗಿದ್ದ ಆರು ಉತ್ತರಗಳನ್ನು ಕೈತೊಳೆಯುವ ನಲ್ಲಿಯ ಮುಂದೆ ಹೇಳಿ ಮುಗಿಸಿದಳು. ನಲ್ಲಿ ಒಪ್ಪಿಕೊಂಡಿತು.

ಆ ಗುರುವಾರ ಬೆಳಿಗ್ಗೆಯಿಂದಲೇ ಕೇಂದ್ರದಲ್ಲಿ ಮದುವೆಮನೆಯ ಗದ್ದಲ. ಬಣ್ಣದ ಕಾಗದ, ಹೊಸ ಪರದೆ, ಹೊಸ ನಗು. ಮೂರು ಗಂಟೆಗೆ ಸರಿಯಾಗಿ ತಾಯಿ ಮಗಳು ಬಂದರು. ತಾಯಿ ಅಂದು ಅರ್ಧ ದಿನ ರಜೆ ಹಾಕಿ, ತಲೆ ಸ್ನಾನ ಮಾಡಿ ಬಂದಿದ್ದಳು. ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಪಿಸುಮಾತು ಆಟದ ಕೋಣೆಯ ಬಾಗಿಲು ತೆರೆದಳು, ಮೂವರೂ ನೆಲದ ಮೇಲೆ ಕೂತರು.

ಪುಟ್ಟಿ ನೇರವಾಗಿ ಗೊಂಬೆಮನೆಗೆ ಹೋಗಿ ಅಪ್ಪನ ಗೊಂಬೆಗೆ ಕೈ ಹಾಕಿದಳು. ಗೊಂಬೆ ಬರಲಿಲ್ಲ. ಇನ್ನೊಮ್ಮೆ ಎಳೆದಳು. ಇಡೀ ಮನೆಯೇ ಅಲ್ಲಾಡಿತೇ ಹೊರತು ಗೊಂಬೆ ಅಲ್ಲಾಡಲಿಲ್ಲ. ಪಿಸುಮಾತು ಬಗ್ಗಿ ನೋಡಿದಳು. ಅಪ್ಪ, ಅಮ್ಮ, ಹುಡುಗಿ ಮೂವರೂ ಪುಟ್ಟ ಸೋಫಾದ ಮೇಲೆ ಸಾಲಾಗಿ ಕೂತು ನಗುತ್ತಿದ್ದರು. ಪ್ರತಿಯೊಬ್ಬರ ಕುಂಡಿಯ ಕೆಳಗೆ ಹಳದಿ ಗೋಂದಿನ ಗಟ್ಟಿ ಉಂಡೆ. ಆಂಬುಲೆನ್ಸಿನ ನಾಲ್ಕೂ ಚಕ್ರಗಳನ್ನು ಬಾಗಿಲ ಮುಂದೆ ಅಂಟಿಸಿ, ಅದರ ನೆತ್ತಿಗೆ ಹದಿನೇಳು ಎಂದು ಸಂಖ್ಯೆ ಬರೆದಿದ್ದರು.

ಇದು ಸ್ಟೋರಿನ ಗುಮಾಸ್ತರ ಕೈಚಳಕ ಎಂದು ಕೇಳಿ ತಿಳಿಯಬೇಕಾಗಿರಲಿಲ್ಲ. ಕೇಂದ್ರದ ಕಸದ ಬುಟ್ಟಿಗೂ ಸಂಖ್ಯೆ ಬರೆಯುವ ಮನುಷ್ಯ ಅವರು. ಆಟಿಕೆಗಳು ಅದೇ ಜಾಗದಲ್ಲಿರಬೇಕು, ಹಲವು ವರ್ಷ ಬಾಳಬೇಕು ಎಂದು ತರಬೇತಿಯ ಪುಸ್ತಕದಲ್ಲಿರುವುದನ್ನು ಮೇಡಂ ಸಭೆಯಲ್ಲಿ ಗಟ್ಟಿಯಾಗಿ ಓದಿದ್ದರು. ಗುಮಾಸ್ತರು ಅದನ್ನು ಬರೆದುಕೊಂಡು ಹೋಗಿದ್ದರು. ಮೇಡಂ ಬೆಳಿಗ್ಗೆ ಬಂದು ನೋಡಿ, ಈಗ ಒಂದು ಶಿಸ್ತು ಬಂತು ಎಂದು ಬೆನ್ನು ತಟ್ಟಿದ್ದರಂತೆ. ಇಬ್ಬರಿಗೂ ಸೇರಿ ಒಂದು ಸಲವೂ, ಮಗು ಇದನ್ನು ಎತ್ತಿಕೊಳ್ಳಬೇಕಲ್ಲವೇ ಎಂದು ಹೊಳೆದಿರಲಿಲ್ಲ. ಹೊಳೆಯಲು ಅವರು ಮಗುವನ್ನು ಕಂಡಿರಬೇಕಿತ್ತು.

ಪುಟ್ಟಿ ಎಳೆಯುವುದನ್ನು ನಿಲ್ಲಿಸಿದಳು. ಗೊಂಬೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು. ಮುಖದಲ್ಲಿ ಇಷ್ಟು ದಿನ ಇಲ್ಲದಿದ್ದ ಒಂದು ಬೆಳಕು.

"ಅಪ್ಪ ಬಂದುಬಿಟ್ರಾ ಅಮ್ಮ? ಇನ್ನು ಹೋಗಲ್ವಾ?"

ನಾಲ್ಕೂವರೆ ವರ್ಷದ ಮಗುವಿಗೆ ಒಂದು ಡಬ್ಬಿ ಗೋಂದಿನಿಂದ ತಂದೆಯನ್ನು ವಾಪಸ್ಸು ಕೊಟ್ಟಿದ್ದರು ಕೇಂದ್ರದವರು. ತಾಯಿ ಹೂಂ ಎಂದುಬಿಟ್ಟರೆ ಮುಗಿಯಿತು. ಹೂಂ ಎನ್ನುವುದು ಎಷ್ಟು ಸುಲಭ ಎಂದು ಪಿಸುಮಾತಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವಳು ಆ ಹೆಂಗಸಿನ ಪಕ್ಕಕ್ಕೆ ಸರಿದು ಮಂಡಿಗೆ ಮಂಡಿ ತಾಗುವಂತೆ ಕೂತಳು.

"ಇಲ್ಲ ಪುಟ್ಟಿ," ಎಂದಳು ತಾಯಿ. "ಬಂದಿಲ್ಲ. ಬರಲ್ಲ. ಊರಿಗೆ ಹೋಗಿದ್ದಾರೆ ಅಂತ ನಾನು ಸುಳ್ಳು ಹೇಳ್ದೆ. ಅಪ್ಪ ಸತ್ತುಹೋದ್ರು. ಅವತ್ತು ಬಿದ್ದಾಗಲೇ."

ಮಗು ಅಳಲಿಲ್ಲ. ಅದಕ್ಕೆ ಗೊತ್ತಿದ್ದ ವಿಷಯವೇ. ಅದು ಗೋಡೆಗೆ ಒರಗಿ, ಗೊಂಬೆಯ ಕಡೆ ನೋಡುತ್ತಾ ಕೇಳಿತು.

"ನಾನು ಕೂಗಿದ್ದಕ್ಕಾ?"

ಆಗ ಬಾಗಿಲು ತೆರೆಯಿತು. ಮುಂದೆ ದೊಡ್ಡ ಮೇಡಂ, ಹಿಂದೆ ಸಮಿತಿಯ ನಾಲ್ಕು ಜನ, ಅವರ ಹಿಂದೆ ಕ್ಯಾಮೆರಾ ಹಿಡಿದವನು. ಮೇಡಂ ಒಂದು ಕೈಯನ್ನು ಅಂಗಡಿಯವರು ಸರಕು ತೋರಿಸುವ ಹಾಗೆ ಚಾಚಿ, ಇದೇ ನಮ್ಮ ಚಿಕಿತ್ಸೆ ಬೇರೂರಿರುವ ಕೊಠಡಿ ಎಂದು ಶುರು ಮಾಡಿದರು. ನೆಲದ ಮೇಲೆ ಮೂರು ಜನ ಇರುವುದು ಅವರಿಗೆ ಅನುಕೂಲವೇ ಆಗಿ ಕಂಡಿರಬೇಕು, ಕ್ಯಾಮೆರಾದವನಿಗೆ ಮುಂದೆ ಬರಲು ಸನ್ನೆ ಮಾಡಿದರು. ತಾಯಿ ಮಗಳ ಮುಖವನ್ನು ತನ್ನ ಎದೆಗೆ ಒತ್ತಿಕೊಂಡಳು.

ಪಿಸುಮಾತು ಎದ್ದಳು. ಕಾಲು ಜೋಮು ಹಿಡಿದಿತ್ತು, ಕುಂಟುತ್ತಲೇ ಬಾಗಿಲಿಗೆ ಹೋದಳು.

"ಸೆಷನ್ ನಡೀತಿದೆ," ಎಂದಳು. ಈ ಸಲ ಎಲ್ಲರಿಗೂ ಕೇಳಿಸಿತು. ಬಾಗಿಲನ್ನು ಮೇಡಂ ಮೂಗಿನ ಒಂದು ಗೇಣು ಮುಂದೆ ಮುಚ್ಚಿ ಚಿಲಕ ಹಾಕಿದಳು. ವಾಪಸ್ಸು ಬಂದು ಕೂತು, ಪುಟ್ಟಿ ಏನು ಕೇಳಿದಳೆಂದು ತಾಯಿಗೆ ಮೆಲ್ಲಗೆ ನೆನಪಿಸಿದಳು. ನೆನಪಿಸಬೇಕಾಗಿರಲಿಲ್ಲ.

"ನೀನು ಕೂಗಿದ್ದಕ್ಕಲ್ಲ ಕಂದ," ಎಂದಳು ತಾಯಿ. "ಹಗ್ಗ ಹಳೇದಾಗಿತ್ತು. ಬದಲಾಯಿಸಬೇಕಾದವರು ಬದಲಾಯಿಸಿರಲಿಲ್ಲ. ನೀನು ಕೂಗಿದ್ದು ಕೇಳಿ ಅಪ್ಪ ನಕ್ಕರು. ನಾನು ನೋಡಿದೆ."

ಆಮೇಲೆ ಆ ಹೆಂಗಸು, ದಿನಕ್ಕೆ ನೂರಾರು ಅಂಗಿಗಳನ್ನು ಒತ್ತುವ ಆ ಗಟ್ಟಿ ಬೆರಳುಗಳಿಂದ ಅಪ್ಪನ ಗೊಂಬೆಯನ್ನು ಹಿಡಿದು ಒಂದೇ ಸಲ ಜಗ್ಗಿದಳು. ಗೊಂಬೆ ಕಿತ್ತು ಬಂತು, ಜೊತೆಗೆ ಸೋಫಾದ ಅರ್ಧ ಬಟ್ಟೆಯೂ ಅದರ ಹಿಂಬದಿಗೆ ಅಂಟಿಕೊಂಡು ಬಂತು. ಪುಟ್ಟಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಆ ಬಟ್ಟೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತಾ, ಆಗ ಅತ್ತಳು. ಗಂಟೆ ಮುಗಿಯುವವರೆಗೂ ಅತ್ತಳು. ಕೋಣೆಯಲ್ಲಿ ಯಾರೂ ಅವಳನ್ನು ಸುಮ್ಮನಿರು ಎನ್ನಲಿಲ್ಲ.

ಪಿಸುಮಾತು ಕೆಲಸ ಹೋಯಿತು ಎಂದೇ ಅಂದುಕೊಂಡಿದ್ದಳು. ಆಗಿದ್ದೇ ಬೇರೆ. ರೋಗಿಗಳ ಗುಟ್ಟನ್ನು ಸ್ವತಃ ಮುಖ್ಯಸ್ಥರಿಂದಲೂ ಕಾಪಾಡುವಷ್ಟು ಕಟ್ಟುನಿಟ್ಟಾದ ಪದ್ಧತಿ ಇಲ್ಲಿ ನೆಲೆಗೊಂಡಿದೆ ಎಂದು ಸಮಿತಿಯವರು ಬರೆದುಕೊಂಡು ಹೋದರು. ಮೇಡಂ ತಕ್ಷಣ, ಹೌದು, ನಾನೇ ಹಾಗೆ ತರಬೇತಿ ಕೊಟ್ಟಿದ್ದೇನೆ ಎಂದರಂತೆ. ಮುಚ್ಚಿದ ಬಾಗಿಲಿನ ಮುಂದೆ ನಿಂತು ಒಂದು ಫೋಟೋವನ್ನೂ ತೆಗೆಸಿಕೊಂಡರಂತೆ. ಅಷ್ಟು ಬೇಗ ಬಣ್ಣ ಬದಲಿಸಲು ಬೇಕಾದ ಚುರುಕಿನಲ್ಲಿ ಕಾಲು ಭಾಗವನ್ನು ಅವರು ಕೆಲಸಕ್ಕೆ ಬಳಸಿದ್ದರೆ ಎಂದು ಪಿಸುಮಾತು ಯೋಚಿಸಿ, ಅದೂ ದಂಡ ಎಂದು ಬಿಟ್ಟಳು.

ಆದರೆ ಮರುದಿನ ಮೂರು ಸಂಗತಿಗಳು ನಡೆದವು. ಗೊಂಬೆಮನೆ ಕೆಡಿಸಿದ್ದಕ್ಕೆ ಗುಮಾಸ್ತರು ಅವಳಿಂದ ವಿವರಣೆ ಬರೆಸಿಕೊಂಡರು. ಆಟದ ಕೋಣೆಗೆ 'ಮಾದರಿ ಕೊಠಡಿ' ಎಂದು ಫಲಕ ಹಾಕಿ, ಬಂದವರು ನೋಡಿ ಹೋಗಲು ಮಾತ್ರ ಎಂದು ಬೀಗ ಜಡಿದರು. ಪುಟ್ಟಿಯ ಫೈಲನ್ನು ಮೇಡಂ ತಾವೇ ಸಹಿ ಹಾಕಿ ಮುಗಿಸಿದರು.

"ತಾಯಿ ನಿಜ ಹೇಳಿಯಾಯ್ತಂತಲ್ಲ. ಮತ್ತಿನ್ನೇನಮ್ಮಾ? ಗುಣ ಆಯ್ತು."

ನಿಜ ಹೇಳಿದ ಮೇಲೆಯೇ ಕೆಲಸ ಶುರುವಾಗುವುದು ಎಂದು ಪಿಸುಮಾತು ಹೇಳಿದಳು. ಚಿಕಿತ್ಸೆ ಮಾಡಬೇಡ ಎಂದು ತಾನು ಹೇಳಿಲ್ಲವಲ್ಲ, ಬೇರೆ ಜಾಗ ಸಿಕ್ಕಿದರೆ ಧಾರಾಳವಾಗಿ ಮಾಡು, ಆದರೆ ಜಾಗವಿಲ್ಲ ಎಂದರು ಮೇಡಂ. ಮತ್ತೆ ಅವರಿಗೆ ಪುರಸೊತ್ತಿರಲಿಲ್ಲ. ಸಮಿತಿಯವರು ಅವರನ್ನು ಊರೂರಿನ ಕೇಂದ್ರಗಳಿಗೆ ಭಾಷಣಕ್ಕೆ ಕರೆದಿದ್ದರು. ಒಳ್ಳೆಯ ಪದ್ಧತಿಯನ್ನು ಶಾಶ್ವತಗೊಳಿಸುವುದು ಹೇಗೆ ಎಂಬುದೇ ವಿಷಯ. ಪ್ರತಿ ಗುರುವಾರ ಒಂದು ಊರು, ಒಟ್ಟು ಏಳು ಗುರುವಾರ.

ಕೇಂದ್ರದ ನೆಲ ಒರೆಸುವ ಆಯಾ ಆ ಏಳು ದಿನಾಂಕಗಳನ್ನು ಮೇಡಂ ಕೋಣೆಯ ಕ್ಯಾಲೆಂಡರಿನಲ್ಲಿ ಕಂಡು ಬಂದವಳು, ಪಿಸುಮಾತಿನ ಎದುರು ಬಕೆಟ್ಟು ಇಳಿಸಿದಳು.

"ದೊಡ್ಡಮ್ಮನೋರ ರೂಮು ಗುರುವಾರ ಮೂರು ಗಂಟೆಗೆ ಒರೆಸ್ತೀನಿ ನಾನು. ಬಾಗಿಲು ತೆಗೆದಿರುತ್ತೆ. ಒಂದು ಗಂಟೆ ಹಿಡಿಯುತ್ತೆ ಒರೆಸೋಕೆ, ನನಗೂ ವಯಸ್ಸಾಯ್ತು ನೋಡಿ."

ಹೀಗೆ ಆ ಚಿಕಿತ್ಸೆ ಕೇಂದ್ರದಲ್ಲಿ ಮುಂದುವರಿಯಿತು. ದೊಡ್ಡ ಮೇಡಂ ಇನ್ನೊಂದು ಊರಿನಲ್ಲಿ ಅದನ್ನು ಉಳಿಸಿದ ಬಗೆಯನ್ನು ವಿವರಿಸುತ್ತಿರುವ ಹೊತ್ತಿಗೆ ಸರಿಯಾಗಿ, ಅವರ ಮೇಜಿನ ಕೆಳಗೆ ಪುಟ್ಟಿ ಮಲಗಿ, ಸತ್ತವರಿಗೆ ಹಸಿವಾಗುತ್ತದೆಯೇ ಎಂದು ಕೇಳುತ್ತಿದ್ದಳು. ಅಪ್ಪ ಸತ್ತ ಮೇಲೆ ಅವರ ಬಣ್ಣದ ಬ್ರಷ್ಷು ಯಾರದು? ಅಮ್ಮನ ಅಂಗಡಿಯಲ್ಲಿ ಹಗ್ಗ ಇದೆಯೇ? ತಾಯಿ ಒಂದಕ್ಕೆ ಉತ್ತರ ಹೇಳುತ್ತಿದ್ದಳು, ಇನ್ನೊಂದಕ್ಕೆ ಗೊತ್ತಿಲ್ಲ ಎನ್ನುತ್ತಿದ್ದಳು, ಮತ್ತೊಂದಕ್ಕೆ ಅಳುತ್ತಿದ್ದಳು. ಪಿಸುಮಾತು ಗೊಂಬೆಗಳನ್ನು ತನ್ನ ಮನೆಯಿಂದ ತಂದಿದ್ದಳು. ಬರೆದಿಡಲು ಫೈಲಿರಲಿಲ್ಲ. ಕಾಗದದ ಪ್ರಕಾರ ಆ ತಾಯಿ ಮಗಳು ಗುಣವಾಗಿ ಮನೆಗೆ ಹೋಗಿದ್ದರು. ನಾಲ್ಕನೆಯ ವಾರದ ಹೊತ್ತಿಗೆ ಪುಟ್ಟಿ ಬಚ್ಚಲ ಬಾಗಿಲಲ್ಲಿ ಕಾಯುವುದನ್ನು ಬಿಟ್ಟಳು. ಹಾಸಿಗೆ ಮಾತ್ರ ಇನ್ನೂ ಎರಡು ದಿನಕ್ಕೊಮ್ಮೆ ಒದ್ದೆಯಾಗುತ್ತಿತ್ತು.

ಆರನೆಯ ವಾರ ತಾಯಿ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ನೋಡಿದಳು. ಇನ್ನು ಒಂದೇ ಗುರುವಾರಕ್ಕೆ ಗುರುತು ಇತ್ತು. ಅದರಾಚೆ ಖಾಲಿ.

"ಎಂಟು ಅಂದಿದ್ರಿ ಮೇಡಂ. ಕೊನೇ ದಿನ ಅಂತ ಇವಳಿಗೆ ಮೊದಲೇ ಹೇಳಿ, ನಿಧಾನಕ್ಕೆ ಬೀಳ್ಕೊಡಬೇಕು, ಅವರಪ್ಪ ಹೋದ ಹಾಗೆ ಇದೂ ಒಮ್ಮೆಗೇ ಹೋಗಬಾರದು ಅಂತ ನೀವೇ ಹೇಳಿದ್ದು. ಮೇಡಂಗೆ ಆ ವಾರ ಎಲ್ಲೂ ಭಾಷಣ ಇಲ್ವಾ?"

ಇಲ್ಲ ಎಂದಳು ಪಿಸುಮಾತು. ಅಂದು ಸಂಜೆ ಮನೆಗೆ ಹೋಗಿ, ಒಳ್ಳೆಯ ಕಾಗದ ತೆಗೆದುಕೊಂಡು, ತನ್ನ ಅಂದವಾದ ಅಕ್ಷರದಲ್ಲಿ ತಾನು ಓದಿದ ಕಾಲೇಜಿನ ಪ್ರಾಂಶುಪಾಲರಿಗೆ ಒಂದು ಪತ್ರ ಬರೆದಳು. ಕಾಲೇಜು ಮುನ್ನೂರು ಮೈಲಿ ದೂರ. ತಮ್ಮ ವಿದ್ಯಾರ್ಥಿಗಳು ತಪ್ಪದೆ ಕೇಳಬೇಕಾದ ಒಬ್ಬ ದೂರದರ್ಶಿ ಮಹಿಳೆ ಇದ್ದಾರೆ, ಅವರ ಅನುಭವ ಅಪಾರ, ಮಾತು ಅಮೃತ, ಬಹಳ ಬಿಡುವಿಲ್ಲದವರು, ಆದರೆ ಇಂಥ ಗುರುವಾರ ಕರೆದರೆ ಬಂದಾರು ಎಂದು ಬರೆದಳು. ಒಂದೊಂದು ಹೊಗಳಿಕೆಗೂ ಹಲ್ಲು ಕಚ್ಚಿಕೊಂಡಳು. ಅಪಾರ ಎಂದಿದ್ದು ಸಾಲದೆನಿಸಿ ಅಳೆಯಲಾಗದ್ದು ಎಂದು ತಿದ್ದಿದಳು.

ಹತ್ತು ದಿನದಲ್ಲಿ ಮೇಡಂಗೆ ಆಹ್ವಾನ ಬಂತು. ಅಷ್ಟರಲ್ಲಿ ಗುರುತು ಹಾಕಿದ ಕೊನೆಯ ಗುರುವಾರವೂ ಕಳೆದಿತ್ತು. ಮೇಡಂ ಪಿಸುಮಾತನ್ನು ಒಳಗೆ ಕರೆದು, ನಿನ್ನ ಕಾಲೇಜಿನವರಿಗೂ ನಮ್ಮ ಹೆಸರು ಮುಟ್ಟಿದೆ ನೋಡು ಎಂದು ಪತ್ರ ತೋರಿಸಿದರು. ಅಷ್ಟು ದೂರ ಹೋಗಬೇಕೇ ಬೇಡವೇ ಎಂದು ಬಿಗುಮಾನದಿಂದ ಯೋಚಿಸಿದರು. ಅವರ ಕಾಲ ಬಳಿ, ಮೇಜಿನ ಕೆಳಗಿನ ಹಾಸಿನ ಮೇಲೆ, ಪುಟ್ಟಿಯ ಕೆಂಪು ಕ್ರೇಯಾನಿನ ಒಂದು ಗೀರು ಇತ್ತು.

"ಹೋಗಿಬನ್ನಿ ಮೇಡಂ," ಎಂದಳು ಪಿಸುಮಾತು. "ಊರು ದೂರ, ಬುಧವಾರವೇ ಹೊರಟುಬಿಡಿ. ನೀವು ಎಷ್ಟು ಹೊತ್ತು ಮಾತಾಡಿದ್ರೂ ಅವರು ಕೇಳ್ತಾರೆ."

ಹೊರಗೆ ಬಂದು ಇಸ್ತ್ರಿ ಅಂಗಡಿಗೆ ಫೋನು ಮಾಡಿದಳು. ಗುರುವಾರ ಮೂರು ಗಂಟೆಗೆ ಬನ್ನಿ ಅಕ್ಕ, ಎಂಟನೆಯದು ಆಗುತ್ತದೆ ಎಂದು ಹೇಳಿದಳು.